ಯಂತ್ರವನ್ನು ನಿಲ್ಲಿಸುವ ಅಧಿಕಾರ ಯಾರಿಗೆ?

ಕಳೆದ ತಿಂಗಳ ಒಂದು ಬೆಳಿಗ್ಗೆ ನಮ್ಮ ಪತ್ರಿಕೆಯ ಐದನೆಯ ಪುಟದಲ್ಲಿ ಒಂದು ಅಕ್ಷಮ್ಯ ಪ್ರಮಾದವು ಪ್ರಕಟವಾದುದನ್ನು ವಾಚಕರು ಮರೆತಿರಲಾರರು. ಸ್ವರ್ಗಸ್ಥರಾದ ಹಿರಿಯರೊಬ್ಬರ ನಿಧನವಾರ್ತೆಯ ಮೇಲೆ, ಇನ್ನೂ ನಮ್ಮ ನಡುವೆ ಆರೋಗ್ಯದಿಂದಿರುವ ಮತ್ತೊಬ್ಬ ಹಿರಿಯರ ಭಾವಚಿತ್ರ ಅಚ್ಚಾಗಿತ್ತು. ದಹಿಸರದಿಂದ ಡೊಂಬಿವಲಿಯವರೆಗೆ ಚದುರಿ ಹೋಗಿರುವ ನಮ್ಮ ಜನರಿಗೆ ಊರಿನವರ ಸಾವು ನೋವು ತಿಳಿಯುವುದು ಇಂದಿಗೂ ಬಹುಮಟ್ಟಿಗೆ ಈ ಪುಟದಿಂದಲೇ. ಚಿತ್ರವನ್ನು ನೋಡಿ ಅಳುತ್ತಾ ಹೊರಟವರು ಒಂದು ಮನೆಗೆ ಬಂದರೆ, ನಿಜವಾಗಿ ಸೂತಕವಿದ್ದ ಮನೆಗೆ ಬರಬೇಕಾದವರು ಬರದೇ ಹೋದರು. ಮರುದಿನವೇ ನಾವು ಕ್ಷಮೆ ಯಾಚಿಸಿದೆವು. ಎರಡೂ ಮನೆಗಳಿಗೆ ಖುದ್ದಾಗಿ ಹೋಗಿ ಕೈಮುಗಿದು ಬಂದೆವು. ಆದರೆ ಕ್ಷಮೆ ಕೇಳಿದ ಮಾತ್ರಕ್ಕೆ ವಿಷಯ ಮುಗಿಯಿತೆಂದು ನಾವು ಭಾವಿಸುವುದಿಲ್ಲ. ಇಂದು ಈ ಅಂಕಣವನ್ನು ಬರೆಯಲು ಅದೇ ಕಾರಣ.

ತಪ್ಪು ಎಲ್ಲಿ ನಡೆಯಿತೆಂದು ವಿಚಾರಿಸಲು ಹೊರಟಾಗ ನಮಗೆ ತಿಳಿದುಬಂದ ಸಂಗತಿ ಆ ತಪ್ಪಿಗಿಂತಲೂ ಹೆಚ್ಚು ನೋವನ್ನುಂಟುಮಾಡಿತು. ಪುಟ ಜೋಡಿಸುವವರು ಎರಡು ಚಿತ್ರಗಳನ್ನು ಅದಲು ಬದಲು ಮಾಡಿದ್ದರು. ಕರಡು ತಿದ್ದುವವರು ಅಕ್ಷರಗಳನ್ನು ನೋಡಿದರೇ ಹೊರತು ಮುಖವನ್ನು ನೋಡಲಿಲ್ಲ. ಇವೆರಡೂ ಮನುಷ್ಯಸಹಜವಾದ ತಪ್ಪುಗಳು. ಆದರೆ ರಾತ್ರಿ ಎರಡು ಗಂಟೆಯ ಸುಮಾರಿಗೆ, ಯಂತ್ರದಿಂದ ಹೊರಬರುತ್ತಿದ್ದ ಪ್ರತಿಗಳನ್ನು ಎಣಿಸಿ ಕಟ್ಟು ಕಟ್ಟುತ್ತಿದ್ದ ನಮ್ಮ ನೌಕರನೊಬ್ಬ ಈ ತಪ್ಪನ್ನು ಕಣ್ಣಾರೆ ಕಂಡಿದ್ದ. ಆಗ ಅಚ್ಚಾಗಿದ್ದುದು ಕೆಲವೇ ನೂರು ಪ್ರತಿಗಳು. ಅವನು ಒಂದು ಮಾತು ಆಡಿದ್ದರೆ ಉಳಿದ ಸಾವಿರಾರು ಪ್ರತಿಗಳು ಸರಿಯಾಗಿ ಬರುತ್ತಿದ್ದವು. ಏಕೆ ಹೇಳಲಿಲ್ಲವೆಂದು ಕೇಳಿದೆವು. ಅವನು ತಲೆ ತಗ್ಗಿಸಿ ಕೊಟ್ಟ ಉತ್ತರವನ್ನು ಇದ್ದಕ್ಕಿದ್ದಂತೆ ಇಲ್ಲಿ ಕೊಡುತ್ತೇವೆ:

“ಫೋಟೋ ನೋಡಿದ ಕೂಡಲೇ ಗೊತ್ತಾಯಿತು ಸೇಟ್ರೇ. ಅವರ ಹೋಟೇಲಿನಲ್ಲಿ ನಾನು ಆರು ವರ್ಷ ದುಡಿದವ. ಹಿಂದಿನ ಆದಿತ್ಯವಾರ ದೇವಸ್ಥಾನದಲ್ಲಿ ಸಿಕ್ಕಿ ಮಾತಾಡಿಸಿದ್ದರು. ಆದರೆ ಮಿಶಿನ್ ನಿಲ್ಲಿಸಿ ಎಂದು ಹೇಳಲಿಕ್ಕೆ ನಾನು ಯಾರು? ನಿನ್ನ ಕೆಲಸ ಕಟ್ಟುವುದು, ಓದುವುದಲ್ಲ ಎಂದು ನೀವೇ ಹೇಳಿದ್ದಿರಲ್ಲ?”

ಹೇಳಿದ್ದೆವು. ಮೂರು ವರ್ಷಗಳ ಹಿಂದೆ, ಕೆಲಸ ತಡವಾದ ಒಂದು ರಾತ್ರಿ, ಕಟ್ಟನ್ನು ಬದಿಗಿಟ್ಟು ಪತ್ರಿಕೆಯ ಮೇಲೆ ಕಣ್ಣಾಡಿಸುತ್ತಿದ್ದ ಅವನಿಗೆ ಸಿಟ್ಟಿನ ಭರದಲ್ಲಿ ಆ ಮಾತು ಅಂದಿದ್ದೆವು. ನಾವು ಮರೆತಿದ್ದೆವು, ಅವನು ಮರೆತಿರಲಿಲ್ಲ. ಆ ಒಂದು ಮಾತಿನ ಬೆಲೆಯನ್ನು ಈಗ ಎರಡು ಕುಟುಂಬಗಳು ತೆರಬೇಕಾಯಿತು.

ಈಚೆಗೆ ನಮ್ಮ ವ್ಯಾಪಾರೀ ಬಂಧುಗಳ ಸಭೆಗಳಲ್ಲಿ ‘ಲೀನ್ ಮ್ಯಾನೇಜ್‌ಮೆಂಟ್’ ಎಂಬ ಮಾತು ಪದೇ ಪದೇ ಕಿವಿಗೆ ಬೀಳುತ್ತಿದೆ. ಸಲಹೆಗಾರರು ಬಂದು ಗೋಡೆಗೆ ಬಣ್ಣಬಣ್ಣದ ಫಲಕಗಳನ್ನು ತೂಗುಹಾಕುತ್ತಾರೆ, ನೆಲದ ಮೇಲೆ ಹಳದಿ ಗೆರೆ ಎಳೆಯುತ್ತಾರೆ, ತಮ್ಮ ಶುಲ್ಕವನ್ನು ಪಡೆದು ಹೋಗುತ್ತಾರೆ. ಆರು ತಿಂಗಳಲ್ಲಿ ಗೆರೆ ಅಳಿಸಿ ಹೋಗುತ್ತದೆ, ಫಲಕದ ಮೇಲೆ ಧೂಳು ಕೂರುತ್ತದೆ. ಈ ಪದ್ಧತಿಯ ನಿಜವಾದ ಬೇರು ಎಲ್ಲಿದೆ, ಅದು ನಮ್ಮಲ್ಲಿ ಏಕೆ ಹಿಡಿಯುವುದಿಲ್ಲ ಎಂಬುದನ್ನು ನಾಲ್ಕು ಜನ ಕುಳಿತು ಯೋಚಿಸುವುದು ಅಗತ್ಯ. ಎಸ್ಸೆಸ್ಸೆಲ್ಸಿಯವರೆಗೆ ಓದಿ ಗಲ್ಲಾದ ಮೇಲೆ ಕುಳಿತು ವ್ಯವಹಾರ ಕಲಿತವರು ನಾವು. ಪಂಡಿತರ ಪರಿಭಾಷೆ ನಮಗೆ ತಿಳಿಯದು. ತಿಳಿದಷ್ಟನ್ನು ವಿನಯಪೂರ್ವಕವಾಗಿ ನಿವೇದಿಸುತ್ತೇವೆ.

‘ಲೀನ್’ ಎಂದರೆ ಕೊಬ್ಬಿಲ್ಲದ್ದು ಎಂದರ್ಥ. ಬಡಕಲು ಎಂದಲ್ಲ. ಗರಡಿಯಲ್ಲಿ ಸಾಮು ಮಾಡಿದವನ ಮೈಯಲ್ಲೂ ಕೊಬ್ಬಿಲ್ಲ, ಉಪವಾಸ ಬಿದ್ದವನ ಮೈಯಲ್ಲೂ ಕೊಬ್ಬಿಲ್ಲ. ಎರಡೂ ಒಂದೇ ಎಂದು ಯಾರಾದರೂ ಹೇಳಿಯಾರೇ? ನಮ್ಮ ಅನೇಕ ಮಾಲಕರು ಈ ಮಾತನ್ನು ಕೇಳಿದೊಡನೆ ಮಾಡುವ ಮೊದಲ ಕೆಲಸ ಇಬ್ಬರು ಕ್ಲೀನರುಗಳನ್ನು ಬಿಡಿಸುವುದು. ಉಳಿದವರ ಮೇಲೆ ಹೊರೆ ಬೀಳುತ್ತದೆ, ಮೇಜು ಒರೆಸುವುದು ತಡವಾಗುತ್ತದೆ, ಗಿರಾಕಿ ಎದುರು ಹೋಟೇಲಿಗೆ ಹೋಗುತ್ತಾನೆ. ಆಮೇಲೆ “ಲೀನ್ ಮಾಡಿ ನೋಡಿದೆವು, ನಮಗೆ ಒಗ್ಗಲಿಲ್ಲ” ಎಂಬ ನಿಟ್ಟುಸಿರು. ಇದು ಲೀನ್ ಅಲ್ಲ, ಉಪವಾಸ.

ಈ ಪದ್ಧತಿ ಹುಟ್ಟಿದ್ದು ಜಪಾನಿನಲ್ಲಿ, ಒಂದು ಮಗ್ಗದಿಂದ. ತೊಯೋದಾ ಸಕಿಚಿ ಎಂಬ ಬಡಗಿಯ ಮಗ ನೇಯ್ಗೆಯ ಯಂತ್ರಗಳನ್ನು ತಯಾರಿಸುತ್ತಿದ್ದರು. ನೂಲು ತುಂಡಾದರೂ ಮಗ್ಗ ಓಡುತ್ತಲೇ ಇದ್ದರೆ ಮಾರುಗಟ್ಟಲೆ ಬಟ್ಟೆ ಕೆಡುತ್ತದೆ. ನೂಲು ಕಡಿದ ಕ್ಷಣವೇ ತಾನಾಗಿ ನಿಲ್ಲುವಂತೆ ಅವರು ಮಗ್ಗವನ್ನು ರೂಪಿಸಿದರು. ಅವರ ಹೆಸರಾಂತ ಸ್ವಯಂಚಾಲಿತ ಮಗ್ಗ 1924ರಲ್ಲಿ ಸಿದ್ಧವಾಯಿತು. ತಪ್ಪನ್ನು ಮುಂದಕ್ಕೆ ಹೋಗಗೊಡಬಾರದು ಎಂಬ ಆ ತತ್ವವೇ ಮುಂದೆ ಅವರ ಮಗ ಕಿಯಿಚಿರೊ 1937ರಲ್ಲಿ ಸ್ಥಾಪಿಸಿದ ಟೊಯೋಟಾ ಮೋಟಾರು ಕಂಪೆನಿಗೆ ಇಳಿದುಬಂದಿತು. ಯುದ್ಧಾನಂತರದ ದಿನಗಳಲ್ಲಿ ಓನೋ ತೈಚಿ ಎಂಬ ಎಂಜಿನಿಯರರು ಅದನ್ನು ಕಾರ್ಖಾನೆಯ ತುಂಬ ಹಬ್ಬಿಸಿದರು. ಅಲ್ಲಿ ಕಾರು ಜೋಡಿಸುವ ಸಾಲಿನುದ್ದಕ್ಕೂ ಒಂದು ಹಗ್ಗ. ಬೋಲ್ಟು ಬಿಗಿಯುವ ಸಾಧಾರಣ ಕಾರ್ಮಿಕನಿಗೂ ದೋಷ ಕಂಡರೆ ಆ ಹಗ್ಗವನ್ನು ಎಳೆಯುವ ಅಧಿಕಾರ. ಎಳೆದೊಡನೆ ದೀಪ ಹೊತ್ತುತ್ತದೆ, ಮೇಲ್ವಿಚಾರಕ ಓಡಿಬರುತ್ತಾನೆ. ಅಷ್ಟರಲ್ಲಿ ಸರಿಹೋಗದಿದ್ದರೆ ಇಡೀ ಸಾಲೇ ನಿಲ್ಲುತ್ತದೆ. ಮಗ್ಗಕ್ಕೆ ಕೊಟ್ಟ ವಿವೇಕವನ್ನು ಮನುಷ್ಯನಿಗೂ ಕೊಟ್ಟರು ಎಂದು ಹೇಳಬಹುದು. ನಮ್ಮ ಮುದ್ರಣಾಲಯದಲ್ಲಿ ನಾವು ಕೊಡದೇ ಹೋದದ್ದು ಇದನ್ನೇ.

ಓನೋ ಅವರು ಅಪವ್ಯಯವನ್ನು ಏಳು ಬಗೆಯಾಗಿ ವಿಂಗಡಿಸಿದರು: ಬೇಡಿಕೆಗಿಂತ ಹೆಚ್ಚಿನ ತಯಾರಿ, ಸುಮ್ಮನೆ ಕಾಯುವುದು, ಅನಾವಶ್ಯಕ ಸಾಗಾಟ, ಬೇಡದ ಸಂಸ್ಕಾರ, ಅತಿಯಾದ ದಾಸ್ತಾನು, ವ್ಯರ್ಥ ಓಡಾಟ ಮತ್ತು ದೋಷ. ಹೋಟೇಲು ನಡೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸಂಜೆ ಉಳಿದ ಇಡ್ಲಿ, ತಟ್ಟೆಯಲ್ಲಿ ಆರುತ್ತಾ ಸಪ್ಲಾಯರನಿಗಾಗಿ ಕಾದಿರುವ ದೋಸೆ, ಮಾಳಿಗೆಯಲ್ಲಿಟ್ಟ ಈರುಳ್ಳಿ ಚೀಲವನ್ನು ದಿನಕ್ಕೆ ನಾಲ್ಕು ಬಾರಿ ಇಳಿಸಿ ತರುವ ಆಳು, ಹುಳ ಹಿಡಿದ ರವೆ, ಹಿಂದಕ್ಕೆ ಬಂದ ಕಾಫಿ, ಇವೆಲ್ಲವನ್ನೂ ದಿನವೂ ಕಂಡಿದ್ದೇವೆ. ಇವುಗಳಲ್ಲಿ ಅತ್ಯಂತ ಕೆಟ್ಟದ್ದು ಹೆಚ್ಚಿನ ತಯಾರಿ ಎಂದು ಓನೋ ಎಣಿಸಿದ್ದರು. ಉಳಿದ ದೋಷಗಳೆಲ್ಲ ಅದರ ಹಿಂದೆ ಅಡಗಿಕೊಳ್ಳುತ್ತವೆ ಎಂಬುದು ಕಾರಣ. ಅವರ ಅನಂತರದ ಬರಹಗಾರರು ಈ ಪಟ್ಟಿಗೆ ಎಂಟನೆಯದೊಂದನ್ನು ಸೇರಿಸಿದ್ದಾರೆ: ನೌಕರನ ಬುದ್ಧಿಯನ್ನು ಉಪಯೋಗಿಸದೆ ಬಿಡುವುದು. ನಮ್ಮ ನಮ್ರ ಅಭಿಪ್ರಾಯದಲ್ಲಿ ಈ ಎಂಟನೆಯದೇ ಮೊದಲನೆಯದಾಗಬೇಕಿತ್ತು. ಏಕೆಂದರೆ ಉಳಿದ ಏಳನ್ನೂ ಮಾಲಕನಿಗಿಂತ ಮೊದಲು ಕಾಣುವವನು ನೌಕರನೇ.

ಇದಕ್ಕೆ ನಮ್ಮ ಹೋಟೇಲಿನದೇ ಒಂದು ದೃಷ್ಟಾಂತವನ್ನು ಹೇಳುತ್ತೇವೆ. ಪತ್ರಿಕೆಗೆ ಬರುವ ಮೊದಲು ನಾವು ಮುಂಬಯಿಯ ಒಂದು ಉಪನಗರದಲ್ಲಿ, ರೈಲು ನಿಲ್ದಾಣಕ್ಕೆ ತಾಗಿದಂತೆ, ಹಲವು ವರ್ಷ ಹೋಟೇಲು ನಡೆಸಿದವರು. ಒಂದು ವರ್ಷ ತೆಂಗಿನಕಾಯಿ ಬೇಳೆಗಳ ಬೆಲೆ ಒಟ್ಟಿಗೇ ಏರಿತು. ಉಳಿತಾಯಕ್ಕೆಂದು ಚಟ್ನಿಯನ್ನು ನೀರಾಗಿಸಲು ಭಟ್ಟರಿಗೆ ಹೇಳಿದೆವು. ಭಟ್ಟರು ಮುಖ ಸಣ್ಣದು ಮಾಡಿಕೊಂಡು ಒಪ್ಪಿದರು. ಆ ದಿನಗಳಲ್ಲಿ ಮೋರಿಯಲ್ಲಿ ಪಾತ್ರೆ ತೊಳೆಯುತ್ತಿದ್ದ, ಕುಂದಾಪುರದ ಕಡೆಯ ಒಬ್ಬ ತರುಣ ಗಲ್ಲಾದ ಬಳಿ ಬಂದು ಮೆಲ್ಲಗೆ ಹೇಳಿದ: “ಸೇಟ್ರೇ, ಬೆಳಿಗ್ಗೆ ಗಾಡಿ ಹಿಡಿಯುವ ಗಿರಾಕಿಗಳು ಸಾಂಬಾರು ಅರ್ಧಕ್ಕರ್ಧ ಬಿಟ್ಟು ಹೋಗುತ್ತಾರೆ. ಬಿಸಿ ಆರುವವರೆಗೆ ಕೂರಲಿಕ್ಕೆ ಅವರಿಗೆ ಪುರುಸೊತ್ತಿಲ್ಲ. ಸಂಜೆಯವರು ಹಾಗಲ್ಲ, ಇನ್ನೊಮ್ಮೆ ಕೇಳುತ್ತಾರೆ.” ಗಲ್ಲಾದಲ್ಲಿ ಜನ ನಿಂತಿದ್ದರು. “ನೀನು ಪಾತ್ರೆ ತೊಳೆ, ಲೆಕ್ಕ ನಾವು ನೋಡುತ್ತೇವೆ” ಎಂದು ಅವನನ್ನು ಒಳಗೆ ಅಟ್ಟಿದೆವು. ಅವನು ಮತ್ತೆ ಗಲ್ಲಾದ ಬಳಿ ಬರಲಿಲ್ಲ. ನಾಲ್ಕು ತಿಂಗಳಲ್ಲಿ ಬೇರೆ ಹೋಟೇಲಿಗೆ ಸೇರಿಕೊಂಡ.

ಎರಡು ವರ್ಷಗಳ ಬಳಿಕ ಒಂದು ಬೆಳಿಗ್ಗೆ ಮೋರಿ ಕಟ್ಟಿಕೊಂಡಿತು. ನಲ್ಲಿ ರಿಪೇರಿಯವನ ಜೊತೆಗೆ ನಾವೂ ಪಂಚೆ ಎತ್ತಿ ಕಟ್ಟಿ ಅಲ್ಲಿ ಎರಡು ಗಂಟೆ ನಿಲ್ಲಬೇಕಾಯಿತು. ಒಂದರ ಹಿಂದೆ ಒಂದರಂತೆ ಬಂದ ಬಟ್ಟಲುಗಳಲ್ಲಿ ಅರ್ಧರ್ಧ ಸಾಂಬಾರು! ಬೆಳಗಿನ ಹೊತ್ತಿಗೆ ಚಿಕ್ಕ ಬಟ್ಟಲು, ಕೇಳಿದವರಿಗೆ ಎಷ್ಟು ಬೇಕಾದರೂ ಮತ್ತೆ, ಎಂದು ಮಾರನೆಯ ದಿನದಿಂದ ಏರ್ಪಡಿಸಿದೆವು. ದಿನವೊಂದಕ್ಕೆ ಒಂದು ಹಂಡೆ ಸಾಂಬಾರು ಉಳಿಯಿತು. ಗಿರಾಕಿಗಳಲ್ಲಿ ಒಬ್ಬರೂ ಆಕ್ಷೇಪಿಸಲಿಲ್ಲ. ಚಟ್ನಿ ಮತ್ತೆ ಮೊದಲಿನಂತಾಯಿತು. ಆದರೆ ಎರಡು ವರ್ಷ ನಾವು ಮೋರಿಗೆ ಸುರಿದ ಬೇಳೆಯ ಲೆಕ್ಕವನ್ನು, ನೀರು ಚಟ್ನಿಯಿಂದ ಕಳೆದುಕೊಂಡ ಗಿರಾಕಿಗಳ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆಯೋಣ? ಓನೋ ಅವರು ತಮ್ಮ ಕೈಕೆಳಗಿನ ಅಧಿಕಾರಿಗಳನ್ನು ಕಾರ್ಖಾನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದ ವೃತ್ತದೊಳಗೆ ಗಂಟೆಗಟ್ಟಲೆ ನಿಲ್ಲಿಸಿ, ಕಣ್ಣಿಗೆ ಕಂಡುದನ್ನು ಹೇಳಿಸುತ್ತಿದ್ದರೆಂಬ ಪ್ರತೀತಿ ಇದೆ. ನಮ್ಮನ್ನು ಹಾಗೆ ನಿಲ್ಲಿಸಿದ್ದು ಕಟ್ಟಿಕೊಂಡ ಮೋರಿ.

ಮಾಲಕರಲ್ಲಿ ಕೆಲವರು ಹೇಳುವುದುಂಟು: “ಅದು ಜಪಾನೀಯರ ಸ್ವಭಾವ; ನಮ್ಮ ಆಳುಗಳಿಗೆ ಆ ಶಿಸ್ತು ಎಲ್ಲಿಯದು?” ಈ ವಾದಕ್ಕೆ ಅಮೇರಿಕೆಯಲ್ಲಿ ನಡೆದ ಒಂದು ಪ್ರಯೋಗ ಉತ್ತರ ಕೊಟ್ಟಿದೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಎಂಬಲ್ಲಿ ಜನರಲ್ ಮೋಟಾರ್ಸ್ ಕಂಪೆನಿಯ ಕಾರ್ಖಾನೆಯೊಂದಿತ್ತು. ಗೈರುಹಾಜರಿ, ಜಗಳ, ಕಳಪೆ ಕೆಲಸಗಳಿಗೆ ಕುಖ್ಯಾತವಾಗಿದ್ದ ಅದನ್ನು 1982ರಲ್ಲಿ ಮುಚ್ಚಿದರು. 1984ರಲ್ಲಿ ಟೊಯೋಟಾ ಮತ್ತು ಜನರಲ್ ಮೋಟಾರ್ಸ್ ಕೂಡಿ ಅದೇ ಕಟ್ಟಡದಲ್ಲಿ ಮತ್ತೆ ಕೆಲಸ ಆರಂಭಿಸಿದುವು. ಸೇರಿಸಿಕೊಂಡ ಕಾರ್ಮಿಕರಲ್ಲಿ ಬಹುಪಾಲು ಜನ ಹಳಬರೇ. ಅವರ ಕಾರ್ಮಿಕ ಸಂಘವೂ ಹಳೆಯದೇ. ಬದಲಾದದ್ದು ಅವರನ್ನು ನಡೆಸಿಕೊಂಡ ರೀತಿ. ಹಗ್ಗವನ್ನು ಅವರ ಕೈಗೆ ಕೊಟ್ಟರು. ಕೆಲವೇ ವರ್ಷಗಳಲ್ಲಿ ಅಲ್ಲಿಯ ಕಾರುಗಳು ಗುಣದಲ್ಲಿ ಆ ದೇಶದ ಅತ್ಯುತ್ತಮ ಕಾರುಗಳ ಸಾಲಿಗೆ ಬಂದುವು. ಅದೇ ಜಂಟಿ ಕಾರ್ಖಾನೆಯಲ್ಲಿ ದುಡಿದಿದ್ದ ಜಾನ್ ಕ್ರಾಫ್ಚಿಕ್ ಎಂಬವರು 1988ರಲ್ಲಿ ಬರೆದ ಲೇಖನದಿಂದಲೇ ‘ಲೀನ್’ ಎಂಬ ಹೆಸರು ಈ ಪದ್ಧತಿಗೆ ಅಂಟಿಕೊಂಡಿತು. ಮಾರಾಟ ಕುಗ್ಗಿದ ಕಾಲದಲ್ಲಿ ಕೂಡ ಕೆಲಸಗಾರರನ್ನು ಮನೆಗೆ ಕಳುಹಿಸದೆ ತರಬೇತಿಗೆ, ದುರಸ್ತಿಗೆ ಹಚ್ಚಿದರು ಎಂಬುದು ಗಮನಾರ್ಹ. ಕಾರ್ಖಾನೆ 2010ರವರೆಗೆ ನಡೆಯಿತು. ಆದರೆ ಅದೇ ಜನರಲ್ ಮೋಟಾರ್ಸ್ ಈ ಪಾಠವನ್ನು ತನ್ನ ಇತರ ಕಾರ್ಖಾನೆಗಳಿಗೆ ಕೊಂಡೊಯ್ಯಲು ಬಹುಕಾಲ ಹೆಣಗಬೇಕಾಯಿತು. ಹಗ್ಗವನ್ನು ಎಲ್ಲಿ ಬೇಕಾದರೂ ಕಟ್ಟಬಹುದು. ಎಳೆದವನನ್ನು ಗದರಿಸದಿರುವ ಮೇಲ್ವಿಚಾರಕನನ್ನು ಅಂಗಡಿಯಲ್ಲಿ ಕೊಂಡು ತರಲಾಗದು.

ಆದುದರಿಂದ ಈ ಸಂಸ್ಕೃತಿಯನ್ನು ಕಟ್ಟುವುದಕ್ಕಿಂತ ಉಳಿಸಿಕೊಳ್ಳುವುದೇ ಕಠಿಣ. ಇದು ಟೊಯೋಟಾದಂಥ ಮೂಲಸ್ಥಾನಕ್ಕೂ ಅನ್ವಯಿಸುವ ಮಾತು. 1950ರಲ್ಲಿ ಆ ಕಂಪೆನಿ ಸಾಲದ ಸುಳಿಗೆ ಸಿಕ್ಕಿ ನೌಕರರನ್ನು ಕಡಿತಗೊಳಿಸಿತು. ದೀರ್ಘ ಮುಷ್ಕರ ನಡೆಯಿತು, ಕೊನೆಗೆ ಹೊಣೆ ಹೊತ್ತು ಕಿಯಿಚಿರೊ ಅಧ್ಯಕ್ಷಸ್ಥಾನವನ್ನೇ ತ್ಯಜಿಸಿದರು. ಆ ಗಾಯದ ಮೇಲೆಯೇ ಹೊಸ ಸಂಬಂಧವನ್ನು ಕಟ್ಟಿದರು: 1951ರಲ್ಲಿ ನೌಕರರ ಸಲಹೆಗಳನ್ನು ಸ್ವೀಕರಿಸುವ ಏರ್ಪಾಡು ಬಂದಿತು, 1962ರಲ್ಲಿ ಆಡಳಿತ ಮತ್ತು ಕಾರ್ಮಿಕ ಸಂಘ ಪರಸ್ಪರ ವಿಶ್ವಾಸದ ಜಂಟಿ ಘೋಷಣೆಗೆ ಸಹಿ ಹಾಕಿದುವು. ಇನ್ನು ನಮ್ಮ ನಾಡಿನ ಕಡೆಗೆ ನೋಡಿದರೆ, ಬೆಂಗಳೂರಿನ ಹತ್ತಿರದ ಬಿಡದಿಯಲ್ಲಿ 1999ರ ಕೊನೆಯಿಂದ ಕಾರು ತಯಾರಿಸುತ್ತಿರುವ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿಯೂ ಇದೇ ಪದ್ಧತಿ ಇದೆ. ಅಲ್ಲಿ ತರಬೇತಿ ಪಡೆದ ನಮ್ಮ ಹಳ್ಳಿಗಾಡಿನ ಯುವಕರ ಕೌಶಲ ಹೆಮ್ಮೆಪಡತಕ್ಕದ್ದು. ಹಾಗಿದ್ದೂ 2014ರಲ್ಲಿ ವೇತನದ ವಿಷಯದಲ್ಲಿ, 2020ರಲ್ಲಿ ನೌಕರನೊಬ್ಬನ ಅಮಾನತು ಹಾಗೂ ಕೆಲಸದ ಹೊರೆಯ ವಿಷಯದಲ್ಲಿ ವಿವಾದವೆದ್ದು ಕಾರ್ಖಾನೆಗೆ ಬೀಗಮುದ್ರೆ ಬಿದ್ದದ್ದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ. ಯಾರ ಪಕ್ಷ ನ್ಯಾಯವಾದದ್ದೆಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಪದ್ಧತಿ ಎಷ್ಟೇ ಶ್ರೇಷ್ಠವಾಗಿರಲಿ, ಅದರಿಂದ ಉಳಿದ ಕ್ಷಣಗಳು ಯಾರ ಪಾಲಿಗೆ ಸೇರುತ್ತವೆ ಎಂಬ ಪ್ರಶ್ನೆಗೆ ದಿನವೂ ಉತ್ತರ ಕೊಡುತ್ತಿರಬೇಕು ಎಂಬುದಷ್ಟೇ ನಾವು ಗ್ರಹಿಸಿದ ನೀತಿ.

ಈ ಪ್ರಶ್ನೆಯನ್ನು ತುಸು ವಿವರಿಸೋಣ. ಪಾತ್ರೆ ತೊಳೆಯುವವನು ಒಂದು ಉಪಾಯವನ್ನು ಹೇಳಿ ಇಬ್ಬರ ಕೆಲಸವನ್ನು ಒಬ್ಬನೇ ಮಾಡಬಹುದೆಂದು ತೋರಿಸಿದನೆಂದು ಭಾವಿಸಿರಿ. ಮಾಲಕನು ಆ ಎರಡನೆಯವನನ್ನು ಮನೆಗೆ ಕಳುಹಿಸಿದನೆಂದರೆ, ಆ ಹೋಟೇಲಿನಲ್ಲಿ ಇನ್ನು ಮುಂದೆ ಯಾವನೂ ಬಾಯಿ ತೆರೆಯಲಾರ. ತನ್ನ ಬುದ್ಧಿಯಿಂದ ತನ್ನ ಗೆಳೆಯನ ಅನ್ನ ಹೋಯಿತೆಂದು ಕಂಡವನು ಎರಡನೆಯ ಉಪಾಯವನ್ನು ಹೇಳಿಯಾನೇ? ಸಲಹೆಯಿಂದ ಯಾರ ಕೆಲಸವೂ ಹೋಗದು ಎಂಬ ಮಾತನ್ನು ಮೊದಲು ಕೊಡಬೇಕು, ಕೊಟ್ಟ ಮಾತನ್ನು ಕಷ್ಟಕಾಲದಲ್ಲಿ ಉಳಿಸಿಕೊಳ್ಳಬೇಕು. ಉಳಿದ ಆಳನ್ನು ಬೇರೆ ಕೆಲಸಕ್ಕೆ ಹಚ್ಚಬಹುದು, ಭಟ್ಟರ ಕೈಕೆಳಗೆ ಅಡುಗೆ ಕಲಿಸಬಹುದು, ವಾರದ ರಜೆಯನ್ನು ನಿಜವಾದ ರಜೆಯನ್ನಾಗಿ ಮಾಡಬಹುದು. ಉಳಿತಾಯದಲ್ಲಿ ಒಂದು ಪಾಲು ಅವರ ಸಂಬಳದ ಚೀಟಿಯಲ್ಲಿಯೂ ಕಾಣಿಸಿಕೊಳ್ಳಬೇಕು. ಭಾಷಣದಲ್ಲಿ ಮಾತ್ರ ಕಾಣಿಸಿಕೊಂಡರೆ ಸಾಲದು.

ಮುಂಬಯಿಯಲ್ಲಿರುವ ನಮಗೆ ಇದರ ಉದಾಹರಣೆಗಾಗಿ ಜಪಾನಿಗೆ ಹೋಗಬೇಕಾಗಿಯೂ ಇಲ್ಲ. ಬಿಳಿಯ ಟೊಪ್ಪಿಗೆಯ ಡಬ್ಬಾವಾಲರು 1890ರಷ್ಟು ಹಿಂದಿನಿಂದ ಈ ನಗರದಲ್ಲಿ ಊಟದ ಡಬ್ಬಿಗಳನ್ನು ಮುಟ್ಟಿಸುತ್ತಿದ್ದಾರೆ. ಹೆಚ್ಚು ಓದದವರೂ ಗುರುತಿಸಬಲ್ಲ ಬಣ್ಣದ, ಅಕ್ಷರಗಳ ಗುರುತೇ ಅವರ ದಫ್ತರ. ಅವರು ಸಂಬಳದ ಆಳುಗಳಲ್ಲ. ಗುಂಪಿನ ಗಳಿಕೆಯನ್ನು ಗುಂಪಿನೊಳಗೇ ಹಂಚಿಕೊಳ್ಳುವ ಪಾಲುದಾರರು. ಡಬ್ಬಿ ತಪ್ಪಿದರೆ ನಷ್ಟ ತನ್ನದೇ ಎಂದು ಪ್ರತಿಯೊಬ್ಬನಿಗೂ ಗೊತ್ತು. 2020ರ ಲಾಕ್‌ಡೌನ್ ಅವರ ವೃತ್ತಿಗೆ ಕೊಟ್ಟ ಪೆಟ್ಟು ದೊಡ್ಡದು. ಕಛೇರಿಗಳು ಮುಚ್ಚಿದಾಗ ಡಬ್ಬಿಗಳೂ ನಿಂತುವು, ಎಷ್ಟೋ ಮಂದಿ ಬೇರೆ ಕಸುಬು ಹಿಡಿದರು. ಅದು ಅವರ ಪದ್ಧತಿಯ ದೋಷವಲ್ಲ, ಕಾಲದ ದೋಷ. ಅವರಿಂದ ಕಲಿಯುವುದು ಇಂದಿಗೂ ಉಳಿದಿದೆ.

ಇಲ್ಲಿ ನಮ್ಮ ಹೋಟೇಲು ಬಂಧುಗಳ ಆಕ್ಷೇಪಗಳನ್ನೂ ಪರಿಗಣಿಸಬೇಕು. “ಆಳುಗಳು ಗಣೇಶ ಚೌತಿಗೆ ಊರಿಗೆ ಹೋದವರು ಮರಳಿ ಬರುವುದೇ ಖಾತರಿ ಇಲ್ಲ, ಈಗಂತೂ ನಮ್ಮೂರಿನವರು ಸಿಗುವುದೇ ಅಪರೂಪ, ದೂರ ದೂರದ ರಾಜ್ಯಗಳವರು ಬರುತ್ತಾರೆ, ಭಾಷೆಯೂ ಬಾರದು. ಇಂಥವರಲ್ಲಿ ಸಂಸ್ಕೃತಿಯನ್ನು ಕಟ್ಟುವುದು ಹೇಗೆ?” ಕಷ್ಟ ನಿಜ. ಆದರೆ ಅವರು ನಿಲ್ಲುವುದಿಲ್ಲವಾದ್ದರಿಂದ ನಾವು ಕೇಳುವುದಿಲ್ಲವೋ, ನಾವು ಕೇಳುವುದಿಲ್ಲವಾದ್ದರಿಂದ ಅವರು ನಿಲ್ಲುವುದಿಲ್ಲವೋ ಎಂಬುದನ್ನು ಪ್ರತಿಯೊಬ್ಬ ಮಾಲಕನೂ ಎದೆ ಮುಟ್ಟಿ ಕೇಳಿಕೊಳ್ಳಬೇಕು. ನಮ್ಮ ಹಿರಿಯರೂ ಹದಿಹರೆಯದಲ್ಲಿ ಭಾಷೆ ಬಾರದ ಈ ನಗರಕ್ಕೆ ಬಂದು, ಹಗಲು ಬಟ್ಟಲು ತೊಳೆದು, ರಾತ್ರಿ ಶಾಲೆಗೆ ಹೋಗಿ ಮೇಲೆ ಬಂದವರು. ಅಂದು ಮೋರಿಯಲ್ಲಿದ್ದವರಿಗೆ ಬುದ್ಧಿ ಇತ್ತು, ಇಂದು ಮೋರಿಯಲ್ಲಿರುವವರಿಗೆ ಇಲ್ಲ ಎಂದು ವಾದಿಸುವುದು ನಮ್ಮ ಚರಿತ್ರೆಗೇ ಮಾಡುವ ಅಪಚಾರ.

“ಅಧಿಕಾರ ಕೊಟ್ಟರೆ ದುರುಪಯೋಗ ಮಾಡುತ್ತಾರೆ” ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ನಮ್ಮ ಈ ಒಂದು ತಿಂಗಳ ಅನುಭವವನ್ನೇ ಮುಂದಿಡುತ್ತೇವೆ. ಆ ಪ್ರಮಾದದ ಬಳಿಕ ನಮ್ಮ ಮುದ್ರಣಾಲಯದಲ್ಲಿ ಕಟ್ಟು ಕಟ್ಟುವ ಮೇಜಿನ ಪಕ್ಕದಲ್ಲಿ ಒಂದು ಕರೆಗಂಟೆಯನ್ನು ಹಾಕಿಸಿದ್ದೇವೆ. ತಪ್ಪು ಕಂಡವರು ಯಾರೇ ಇರಲಿ, ಒತ್ತಬಹುದು. ಒತ್ತಿದೊಡನೆ ಯಂತ್ರ ನಿಲ್ಲತಕ್ಕದ್ದು. ಮೊದಲ ಹತ್ತು ದಿನ ಯಾರೂ ಅದನ್ನು ಮುಟ್ಟಲಿಲ್ಲ. ಹನ್ನೊಂದನೆಯ ರಾತ್ರಿ ಅದೇ ನೌಕರ ಒತ್ತಿದ. ಜಾಹೀರಾತೊಂದರಲ್ಲಿ ತಾರೀಖು ತಪ್ಪಾಗಿದೆ ಎಂದು ಅವನ ಶಂಕೆ. ಪರಿಶೀಲಿಸಿದರೆ ತಾರೀಖು ಸರಿಯಾಗಿಯೇ ಇತ್ತು. ಹದಿನೈದು ನಿಮಿಷ ವ್ಯರ್ಥವಾಯಿತು, ಡೊಂಬಿವಲಿಯ ಕಟ್ಟು ಮೊದಲ ಲೋಕಲ್ ಗಾಡಿಗೆ ತಪ್ಪಿತು, ಅಲ್ಲಿಯ ಏಜೆಂಟರು ಫೋನಿನಲ್ಲಿ ನಮಗೆ ಬೈದರು.

ಸತ್ಯ ಹೇಳುವುದಾದರೆ ನಮ್ಮ ನಾಲಗೆಯ ತುದಿಗೆ ಹಳೆಯ ಮಾತೇ ಬಂದಿತ್ತು. ಯಂತ್ರದ ಸುತ್ತ ನಿಂತ ಎಲ್ಲರೂ ನಮ್ಮ ಮುಖವನ್ನೇ ನೋಡುತ್ತಿದ್ದರು. ಈ ಪದ್ಧತಿ ನಮ್ಮಲ್ಲಿ ಬದುಕುವುದೋ ಸಾಯುವುದೋ ಎಂಬುದು ಆ ಅರ್ಧ ನಿಮಿಷದಲ್ಲಿ ತೀರ್ಮಾನವಾಗುತ್ತದೆಂದು ನಮಗೆ ಆಗ ಹೊಳೆಯಿತು. “ನೋಡಿದ್ದು ಒಳ್ಳೆಯದಾಯಿತು, ಮುಂದೆಯೂ ನೋಡು” ಎಂದಷ್ಟೇ ಹೇಳಿ, ಯಂತ್ರ ಆರಂಭಿಸಲು ಸೂಚಿಸಿದೆವು. ಅನಂತರದ ಮೂರು ವಾರಗಳಲ್ಲಿ ಗಂಟೆ ನಾಲ್ಕು ಬಾರಿ ಬಾರಿಸಿದೆ. ಅದರಲ್ಲಿ ಒಂದು ಬಾರಿ, ಮದುವೆಯ ಆಮಂತ್ರಣವೊಂದರಲ್ಲಿ ವಧೂವರರ ಹೆಸರುಗಳು ಬೇರೆ ಬೇರೆ ಜಾಹೀರಾತುಗಳಿಂದ ಕಲಸಿಹೋಗಿದ್ದುದನ್ನು ಕಾಗದದ ಸುರುಳಿ ಹೊರುವವನು ಪತ್ತೆಹಚ್ಚಿದ. ಆ ಎರಡು ಮನೆಗಳವರಿಗೆ ಇದು ತಿಳಿಯದು, ತಿಳಿಯಬೇಕಾಗಿಯೂ ಇಲ್ಲ. ದುರುಪಯೋಗ ಮಾತ್ರ ಒಂದೂ ಆಗಿಲ್ಲ.

ಒಂದು ತಿಂಗಳ ಸಾಧನೆಯನ್ನು ನಾವು ದೊಡ್ಡದು ಮಾಡುತ್ತಿಲ್ಲ. ಹೊಸ ಪೊರಕೆ ಚೆನ್ನಾಗಿ ಗುಡಿಸುತ್ತದೆ ಎಂಬುದು ನಮಗೂ ಗೊತ್ತು. ಒಂದು ವರ್ಷದ ಬಳಿಕ, ಕೆಲಸದ ಒತ್ತಡದ ರಾತ್ರಿಯಲ್ಲಿ, ಸುಳ್ಳು ಗಂಟೆ ಬಾರಿಸಿದವನ ಮೇಲೆ ನಮ್ಮ ಸಹೋದ್ಯೋಗಿಯೊಬ್ಬರು ಸಿಡಿದರೆ ಎಲ್ಲವೂ ಮತ್ತೆ ಮೊದಲಿನಂತಾಗಬಹುದು. ಆದುದರಿಂದಲೇ ವಾರಕ್ಕೆ ಒಂದು ರಾತ್ರಿ ನಾವೇ ಕಟ್ಟಿನ ಮೇಜಿನ ಬಳಿ ನಿಂತು ಕೆಲಸ ನೋಡುವುದೆಂದು ನಿಶ್ಚಯಿಸಿದ್ದೇವೆ. ಆಜ್ಞೆ ಮಾಡಲು ಅಲ್ಲ, ಕೇಳಲು. ಮಾಲಕನ ಕಾಲು ಕೆಲಸದ ಜಾಗದಲ್ಲಿ ಇಲ್ಲದಿದ್ದರೆ ಫಲಕ, ಗೆರೆ, ಗಂಟೆ ಯಾವುದೂ ಬಾಳುವುದಿಲ್ಲ. ಹೋಟೇಲಿನವರಾದರೆ ವಾರಕ್ಕೊಮ್ಮೆ ಬೆಳಿಗ್ಗೆ ಒಂದು ಗಂಟೆ ಮೋರಿಯ ಬಳಿ ನಿಲ್ಲಲಿ. ಏನು ಮರಳಿ ಬರುತ್ತಿದೆ, ಏಕೆ ಬರುತ್ತಿದೆ ಎಂದು ತೊಳೆಯುವವನನ್ನೇ ಕೇಳಲಿ. ಅವನು ಹೇಳಿದ್ದರಲ್ಲಿ ಒಂದನ್ನಾದರೂ ಆ ವಾರವೇ ಮಾಡಿ ತೋರಿಸಲಿ. ಇದಕ್ಕೆ ಸಲಹೆಗಾರರ ಶುಲ್ಕವೂ ಬೇಡ.

ಕೊನೆಯದಾಗಿ, ತಮ್ಮ ಚಿತ್ರವನ್ನು ನಿಧನವಾರ್ತೆಯಲ್ಲಿ ಕಂಡ ಆ ಹಿರಿಯರ ವಿಷಯ. ಕ್ಷಮೆ ಕೇಳಲು ಹೋದ ನಮ್ಮನ್ನು ಅವರು ಕೂರಿಸಿ ಕಾಫಿ ಕೊಡಿಸಿದರು. ತಮ್ಮ ಹಳೆಯ ಮಾಣಿಯೇ ಗುರುತು ಹಿಡಿದಿದ್ದನೆಂಬುದನ್ನು ನಾವು ಮುಚ್ಚಿಡಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ಅವನನ್ನು ಬೈಯಬೇಡಿ. ಆರು ವರ್ಷ ನನ್ನ ಕೈಕೆಳಗೆ ಇದ್ದ. ಎದುರು ಮಾತಾಡಬಾರದೆಂದು ಮೊದಲು ಕಲಿಸಿದವ ನಾನೇ ಇರಬೇಕು.”

ಆ ಪಾಠವನ್ನು ಕಲಿಸಿದವರಲ್ಲಿ ನಾವೂ ಒಬ್ಬರು. ಈ ಪತ್ರಿಕೆಯನ್ನೋದುವ ಮಾಲಕ ಬಂಧುಗಳಲ್ಲಿ ಅನೇಕರೂ ಸೇರಿರಬಹುದು. ಕಲಿಸಿದವರೇ ಅದನ್ನು ಮರೆಸಬೇಕಾಗಿದೆ. ನಾಳೆ ಬೆಳಿಗ್ಗೆ ಬಾಗಿಲು ತೆರೆದಾಗ ತಮ್ಮಲ್ಲಿರುವ ಅತ್ಯಂತ ಕಿರಿಯ ನೌಕರನನ್ನು ಕರೆದು, ಇಲ್ಲಿ ಏನು ಹಾಳಾಗುತ್ತಿದೆ ಎಂದು ಕೇಳಿ ನೋಡಲೆಂದು ಅವರಲ್ಲಿ ನಮ್ಮ ವಿನಂತಿ. ಮೊದಲ ದಿನ ಅವನು ಉತ್ತರ ಕೊಡಲಾರ. ಹತ್ತು ದಿನ ಕೇಳಬೇಕಾದೀತು.